ಎಪ್ಪತ್ತೊಂಬತ್ತು ಡಾಲರಿನ ಕ್ಲಚ್ಚು

ಅಮೆರಿಕದ ಷೆವರ್ಲೆ ಕಂಪನಿಯು 1969ರ ಮಾದರಿ ವರ್ಷದಲ್ಲಿ ಕಾರ್ವೆಟ್ ಎಂಬ ತನ್ನ ಹೆಸರಾಂತ ಕಾರನ್ನು 38,762ರ ಸಂಖ್ಯೆಯಲ್ಲಿ ತಯಾರಿಸಿತು. ಅವುಗಳಲ್ಲಿ 33,000ಕ್ಕೂ ಹೆಚ್ಚು ಕಾರುಗಳಿಗೆ ಕೊಂಡವರು 172 ಡಾಲರು 75 ಸೆಂಟು ಹೆಚ್ಚಿಗೆ ತೆತ್ತು ರೇಡಿಯೋ ಹಾಕಿಸಿಕೊಂಡರು. ಅದೇ ಬೆಲೆಪಟ್ಟಿಯಲ್ಲಿ, ಎಂಎ6 ಎಂಬ ಸಂಕೇತದ ಕೆಳಗೆ, ರೇಡಿಯೋದ ಅರ್ಧ ಬೆಲೆಗಿಂತಲೂ ಕಡಿಮೆಗೆ, ಅಂದರೆ 79 ಡಾಲರಿಗೆ, ಹೆಚ್ಚು ಬಲದ ಕ್ಲಚ್ಚೊಂದು ದೊರೆಯುತ್ತಿತ್ತು. ಅದನ್ನು ಬೇಕೆಂದವರು 102 ಮಂದಿ ಮಾತ್ರ.

ಈ ಎಂಎ6 ಎಲ್ಲ ಕಾರುಗಳಿಗೂ ದೊರೆಯುತ್ತಿರಲಿಲ್ಲ, ನಿಜ. 427 ಘನ ಇಂಚಿನ, ಎಂದರೆ ಏಳು ಲೀಟರ್ ಗಾತ್ರದ ಎಂಜಿನ್ ಆರಿಸಿಕೊಂಡವರಿಗೆ ಮಾತ್ರ ಅದು ಮೀಸಲಾಗಿತ್ತು. ಹಾಗಿದ್ದರೂ 102 ಎಂಬುದು ಅತ್ಯಲ್ಪ ಸಂಖ್ಯೆಯೇ ಸರಿ. ರೇಡಿಯೋ ನೆರೆಯವರಿಗೂ ಕೇಳಿಸುತ್ತದೆ. ಕ್ಲಚ್ಚು ಲೋಹದ ಚಿಪ್ಪಿನೊಳಗೆ ಅಡಗಿರುತ್ತದೆ, ಅದು ಕೆಟ್ಟಾಗಲಷ್ಟೇ ಅದರ ನೆನಪು.

ಧರ್ಮ, ಸಂಸ್ಕೃತಿ, ಸಂಸಾರಗಳ ವಿಚಾರ ಬರುವ ಈ ಪುಟಗಳಲ್ಲಿ ಕ್ಲಚ್ಚಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ದೋಣಿ ನಡೆಸಿದವರನ್ನೂ, ಬಟ್ಟೆ ಮಡಿ ಮಾಡಿದವರನ್ನೂ, ಕಟ್ಟಿಗೆ ಹೊತ್ತವರನ್ನೂ ಅನುಭವ ಮಂಟಪದ ಸಾಲಿನಲ್ಲಿ ಕಂಡ ಪರಂಪರೆ ನಮ್ಮದು. ನಮ್ಮ ಸಮಾಜದ ಎಷ್ಟೋ ಮನೆಗಳು ಇಂದು ಲಾರಿ, ಬಸ್ಸು, ಗ್ಯಾರೇಜುಗಳ ಕಾಯಕವನ್ನೇ ನಂಬಿವೆ. ಎಂಜಿನಿಯರಿಂಗ್ ಓದಿ ಡೆಟ್ರಾಯಿಟ್ ಕಡೆಗೆ ಹೋದ ಮಕ್ಕಳೂ ಇದ್ದಾರೆ. ಅಲ್ಲಿನ ವುಡ್‌ವರ್ಡ್ ಹೆದ್ದಾರಿಯಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ಜಾತ್ರೆಯೇ ಕೂಡುತ್ತದೆ. ಮಕ್ಕಳ ಮನೆಗೆ ಹೋದ ತಂದೆತಾಯಿಗಳು ಅದನ್ನು ನೋಡಿ ಬಂದು, ಏನೋ ಗುಡುಗಿದಂತಾಯಿತು ಎಂದಷ್ಟೇ ಹೇಳುವುದುಂಟು. ಆ ಗುಡುಗಿನ ಹಿಂದಿನ ಒಂದು ಸಣ್ಣ ಸಂಗತಿಯನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

‘ಮಸಲ್ ಕಾರು’ ಎಂದರೆ ಸ್ನಾಯುಬಲದ ಕಾರು. ಸಂಸಾರಸ್ಥರು ಕೊಳ್ಳುವ ಮಧ್ಯಮ ಗಾತ್ರದ ಕಾರಿಗೆ ಅತಿ ದೊಡ್ಡ ಎಂಜಿನ್ ಕೂಡಿಸಿದಾಗ ಹುಟ್ಟಿದ ಜಾತಿ ಇದು. 1964ರಲ್ಲಿ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಇದಕ್ಕೆ ದಾರಿ ತೆರೆದರು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಇರಕೂಡದೆಂಬುದು ಮಾತೃಸಂಸ್ಥೆಯಾದ ಜನರಲ್ ಮೋಟರ್ಸಿನ ಕಟ್ಟಳೆ. ಇವರು 389 ಘನ ಇಂಚಿನ ಎಂಜಿನ್ನನ್ನು ಹೊಸ ಕಾರೆಂದು ತೋರಿಸದೆ, ಹಳೆಯ ಲೆಮಾನ್ಸ್ ಕಾರಿಗೆ ಸುಮಾರು 296 ಡಾಲರಿನ ಒಂದು ‘ಆಯ್ಕೆ’ ಎಂದು ಪಟ್ಟಿಗೆ ಸೇರಿಸಿಬಿಟ್ಟರು. ಜಿ.ಟಿ.ಓ. ಎಂಬ ಆ ಆಯ್ಕೆಯನ್ನು ಮೊದಲ ವರ್ಷವೇ 32,450 ಜನ ಕೊಂಡರು. ಮೇಲಿನವರು ಸುಮ್ಮನಾದರು. ಮಾರಾಟದ ಲೆಕ್ಕ ಬಂದ ಮೇಲೆ ಕಟ್ಟಳೆಯನ್ನು ಯಾರು ನೆನೆಯುತ್ತಾರೆ!

ಅಲ್ಲಿಂದ ಮುಂದೆ ಪೈಪೋಟಿ. 1966ರಲ್ಲಿ ಕ್ರೈಸ್ಲರ್ ಕಂಪನಿಯು ತನ್ನ 426 ಘನ ಇಂಚಿನ ‘ಹೆಮಿ’ ಎಂಜಿನ್ನನ್ನು ಬೀದಿಯ ಕಾರಿಗೆ ಇಳಿಸಿತು, ಅದರ ಘೋಷಿತ ಬಲ 425 ಅಶ್ವಶಕ್ತಿ. 1970ರ ಷೆವೆಲ್ ಕಾರಿನ ಎಲ್‌ಎಸ್6 ಎಂಜಿನ್ 450ಕ್ಕೆ ಮುಟ್ಟಿತು. ನಮ್ಮ ಮನೆಗಳ ಮುಂದೆ ನಿಲ್ಲುತ್ತಿದ್ದ ಹಳೆಯ ಅಂಬಾಸಡರ್ ಕಾರಿನದು ಸುಮಾರು 50 ಅಶ್ವಶಕ್ತಿಯೆಂದು ನೆನೆದರೆ ಅಂತರ ತಿಳಿದೀತು. ಇಷ್ಟೂ ಬಲ ಎಂಜಿನ್ನಿನಿಂದ ಚಕ್ರಕ್ಕೆ ಹೋಗಬೇಕಾದರೆ ನಡುವೆ ಒಂದೇ ಒಂದು ಬಾಗಿಲುಂಟು, ಅದೇ ಕ್ಲಚ್ಚು.

ಅದರ ರಚನೆ ಸರಳ. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರವಾದ ಗಾಲಿ ತಿರುಗುತ್ತಿರುತ್ತದೆ. ಅದಕ್ಕೆ ಎದುರಾಗಿ ಪ್ರೆಷರ್ ಪ್ಲೇಟು. ಇವೆರಡರ ನಡುವೆ, ಹಂಚಿನ ಮೇಲಿನ ರೊಟ್ಟಿಯಂತೆ, ಎರಡೂ ಮುಖಕ್ಕೆ ಒರಟು ಪದರ ಹೊದಿಸಿದ ಕ್ಲಚ್ ಪ್ಲೇಟು. ಸ್ಪ್ರಿಂಗು ಒತ್ತಿ ಹಿಡಿದಿರುವಷ್ಟು ಕಾಲ ಮೂರೂ ಒಂದಾಗಿ ತಿರುಗುತ್ತವೆ. ಪೆಡಲ್ ತುಳಿದೊಡನೆ ಹಿಡಿತ ಸಡಿಲಿ ನಡುವಿನ ಪ್ಲೇಟು ಬಿಡುಗಡೆ ಹೊಂದುತ್ತದೆ. ಎಷ್ಟು ಬಲವನ್ನು ಜಾರದೆ ಸಾಗಿಸಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಾಕಾರ: ಒತ್ತುವ ಬಲ, ಪದರದ ಒರಟುತನ, ಪ್ಲೇಟಿನ ಅಗಲ ಮತ್ತು ಉಜ್ಜುವ ಮುಖಗಳ ಸಂಖ್ಯೆ.

ಎಂಜಿನ್ ದೊಡ್ಡದಾದಂತೆ ಒತ್ತುವ ಬಲವನ್ನು ಹೆಚ್ಚಿಸುವುದೇ ಎಲ್ಲರಿಗೂ ಮೊದಲು ತೋಚಿದ ಉಪಾಯ. ಆದರೆ ಬಿಗಿಯಾದ ಸ್ಪ್ರಿಂಗನ್ನು ಸಡಿಲಿಸಬೇಕಾದದ್ದು ಚಾಲಕನ ಎಡಗಾಲು. ಊರೊಳಗಿನ ಸಂದಣಿಯಲ್ಲಿ ಅಂಥ ಗಾಡಿ ನಡೆಸಿದವರಿಗೆ ಸಂಜೆ ಮೊಣಕಾಲು ಹಿಡಿಯುತ್ತಿತ್ತು. ಕ್ರೈಸ್ಲರಿನವರು ಹೆಚ್ಚಾಗಿ ಬಳಸಿದ ಬೋರ್ಗ್ ಅಂಡ್ ಬೆಕ್ ಮಾದರಿಯಲ್ಲಿ ಇದಕ್ಕೊಂದು ಜಾಣ ಪರಿಹಾರವಿತ್ತು. ಒಳಗೆ ಸಣ್ಣ ಉರುಳೆಗಳನ್ನಿಟ್ಟಿದ್ದರು. ವೇಗ ಏರಿದಂತೆ ಅವು ಹೊರಕ್ಕೆ ಚಿಮ್ಮಿ, ಮೊಳೆಯಂತೆ ಸಂದಿಗೆ ಸಿಕ್ಕಿ, ಪ್ಲೇಟನ್ನು ಇನ್ನಷ್ಟು ಒತ್ತುತ್ತಿದ್ದವು. ನಿಧಾನವಾಗಿ ಹೋಗುವಾಗ ಪೆಡಲ್ ಹಗುರ, ಓಡುವಾಗ ಹಿಡಿತ ಬಿಗಿ. ಫೋರ್ಡ್ ಹೆಚ್ಚಾಗಿ ನಂಬಿದ ಲಾಂಗ್ ಮಾದರಿಯಲ್ಲಿ ಸನ್ನೆಗಳ ತುದಿಯ ತೂಕಗಳು ಇದೇ ಕೆಲಸ ಮಾಡುತ್ತಿದ್ದವು.

ಜನರಲ್ ಮೋಟರ್ಸಿನವರು ಹಿಡಿದದ್ದು ಬೇರೆ ದಾರಿ. ಹಲವು ಸುರುಳಿ ಸ್ಪ್ರಿಂಗುಗಳ ಬದಲು ತಟ್ಟೆಯಾಕಾರದ ಒಂದೇ ಉಕ್ಕಿನ ಸ್ಪ್ರಿಂಗು. ಅದರ ನಡುವಿನ ಭಾಗವನ್ನು ಹೂವಿನ ಎಸಳುಗಳಂತೆ ಸೀಳಿ ಬೆರಳುಗಳನ್ನಾಗಿ ಮಾಡಿರುತ್ತಾರೆ. ಇದಕ್ಕೆ ಡಯಾಫ್ರಂ ಕ್ಲಚ್ಚೆಂದು ಹೆಸರು. ಕಾಲಿಗೆ ಹಗುರ, ಭಾಗಗಳೂ ಕಡಿಮೆ. ಇಂದಿನ ಬಹುತೇಕ ಕಾರುಗಳಲ್ಲಿರುವುದು ಇದೇ. ಆದರೆ ಆ ಕಾಲದ ಪಂದ್ಯಪ್ರಿಯರಿಗೆ ಇದು ಭಯಂಕರವಾದ ಒಂದು ಆಟ ತೋರಿಸಿತು. ನಿಮಿಷಕ್ಕೆ ಆರು ಸಾವಿರ ಸುತ್ತಿನ ವೇಗದಲ್ಲಿ ಪೆಡಲ್ ತುಳಿದರೆ ನೇರ ಬೆರಳುಗಳು ಸಮತಲವನ್ನು ದಾಟಿ ಒಳಕ್ಕೆ ವಾಲುತ್ತಿದ್ದವು. ತಿರುಗುವ ರಭಸವು ಅವನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತಿತ್ತು. ಕಾಲು ತೆಗೆದರೂ ಪೆಡಲ್ ನೆಲಕ್ಕೆ ಕಚ್ಚಿಕೊಂಡೇ ಇರುತ್ತಿತ್ತು! ಎಂಜಿನ್ ಅರಚುತ್ತಿದೆ, ಚಕ್ರಕ್ಕೆ ಬಲವಿಲ್ಲ, ಗೇರು ಕೂಡುತ್ತಿಲ್ಲ. ಕಾರ್ಖಾನೆಯವರು ಹೆಚ್ಚು ವೇಗದ ಎಂಜಿನ್ನುಗಳಿಗೆ ಬೆರಳುಗಳ ತುದಿಯನ್ನು ಹೊರಮುಖವಾಗಿ ಬಾಗಿಸಿದ ಪ್ರೆಷರ್ ಪ್ಲೇಟನ್ನು ಕೊಟ್ಟು, ಅದೇ ರಭಸವು ಬೆರಳುಗಳನ್ನು ಮರಳಿ ತಳ್ಳುವಂತೆ ಮಾಡಿದರು. ನೇರ ಬೆರಳಿನದಕ್ಕೆ ಉದ್ದನೆಯ ರಿಲೀಸ್ ಬೇರಿಂಗು, ಬಾಗಿದ ಬೆರಳಿನದಕ್ಕೆ ಗಿಡ್ಡನೆಯದು. ಇಂದಿಗೂ ಹಳೆಯ ಷೆವರ್ಲೆ ದುರಸ್ತಿ ಮಾಡುವವರು ಇವೆರಡನ್ನು ಅದಲುಬದಲು ಮಾಡಿ, ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸುವ ಶಿಕ್ಷೆ ಅನುಭವಿಸುತ್ತಾರೆ.

ಎಂಎ6 ಇವೆಲ್ಲವನ್ನೂ ಬಿಟ್ಟು, ಗುಣಾಕಾರದ ನಾಲ್ಕನೆಯ ಅಂಶಕ್ಕೆ ಕೈ ಹಾಕಿತು. ಒಂದು ಪ್ಲೇಟಿನ ಬದಲು ಎರಡು ಪ್ಲೇಟು, ಅವುಗಳ ನಡುವೆ ತೇಲುವ ಒಂದು ಉಕ್ಕಿನ ತಟ್ಟೆ. ಉಜ್ಜುವ ಮುಖಗಳು ಎರಡಿದ್ದವು ನಾಲ್ಕಾದವು. ಸ್ಪ್ರಿಂಗಿನ ಬಲವೂ ಪ್ಲೇಟಿನ ಅಗಲವೂ ಹೆಚ್ಚದೆಯೇ ಬಲ ಸಾಗಿಸುವ ಶಕ್ತಿ ಇಮ್ಮಡಿಯಾಯಿತು. ಈ ತತ್ತ್ವ ನಮ್ಮ ಓದುಗರಿಗೆ ಅಪರಿಚಿತವಲ್ಲ. ಮನೆಮನೆಯಲ್ಲಿದ್ದ ಬಜಾಜ್ ಚೇತಕ್ ಸ್ಕೂಟರಿನ ಕ್ಲಚ್ಚನ್ನು ಬಿಚ್ಚಿಸಿದವರು ಎಣ್ಣೆಯಲ್ಲಿ ಮುಳುಗಿದ ಹಲವು ತೆಳು ಪ್ಲೇಟುಗಳನ್ನು ಕಂಡಿರುತ್ತಾರೆ. ಅಂಗೈಯಗಲದ ಜಾಗದಲ್ಲಿ ಸಾಕಷ್ಟು ಹಿಡಿತ ದೊರಕಿಸುವ ಹಂಚಿಕೆಯದು. ಕಾರಿನಲ್ಲಿ ಮಾತ್ರ ಅದು ಎಣ್ಣೆಯಿಲ್ಲದೆ, ಒಣಗಿದ್ದೇ ಕೆಲಸ ಮಾಡಬೇಕಿತ್ತು.

ಒಣ ಕ್ಲಚ್ಚಿನಲ್ಲಿ ಎರಡು ಪ್ಲೇಟುಗಳನ್ನು ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ನಡುವಿನ ತಟ್ಟೆಯ ಬಿಸಿ ಹೊರಹೋಗಲು ದಾರಿ ಕಡಿಮೆ. ಪೆಡಲ್ ತುಳಿದಾಗ ನಾಲ್ಕು ಮುಖಗಳೂ ಸಮನಾಗಿ ಬಿಡಿಸಿಕೊಳ್ಳಬೇಕು, ಒಂದು ಅಂಟಿಕೊಂಡರೂ ಗೇರು ಗರಗರ ಎನ್ನುತ್ತದೆ. ಸಾವಧಾನವಾಗಿ ಹೊರಡಬೇಕೆಂದರೆ ಗಾಡಿ ನಡುಗುತ್ತದೆ. ತರಕಾರಿ ತರಲು ಪೇಟೆಗೆ ಹೋಗುವವರಿಗೆ ಇದು ಹೇಳಿಸಿದ ಕ್ಲಚ್ಚಲ್ಲ. 38,000ಕ್ಕೂ ಮೀರಿದ ಕೊಳ್ಳುಗರು ಅದನ್ನು ಬಿಟ್ಟದ್ದರಲ್ಲಿ ವಿವೇಕವೂ ಇದ್ದಿತೆಂದು ನಮ್ಮ ಅಭಿಪ್ರಾಯ.

ಎರಡು ಪ್ಲೇಟಿನ ಕ್ಲಚ್ಚು ಮತ್ತೆ ಕಾಣಿಸಿಕೊಂಡದ್ದು 1971ರ ಕಾರ್ವೆಟ್ಟಿನ ಎಲ್‌ಎಸ್6 ಎಂಜಿನ್ನಿನೊಡನೆ, ಕೈಗೇರಿನ ಕಾರುಗಳಲ್ಲಿ. ಆ ಎಂಜಿನ್ನಿನ ಆಯ್ಕೆಗೇ 1,221 ಡಾಲರು. ತಯಾರಾದವು 188 ಕಾರುಗಳು. ಅಷ್ಟರಲ್ಲಿ ಕಾಲ ಬದಲಾಗಿತ್ತು. ವಿಮೆಯ ಕಂತು ಏರಿತು, 1970ರ ವಾಯುಶುದ್ಧಿ ಕಾಯಿದೆ ಬಂದಿತು, 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆಹಿಡಿದವು. ಆ ಜಾತಿಯ ಕಾರುಗಳ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ಮುಗಿದದ್ದು ತಯಾರಿಕೆ, ವ್ಯಾಪಾರವಲ್ಲ. 1967ರಲ್ಲಿ 20 ಮಾತ್ರ ತಯಾರಾದ ಎಲ್88 ಎಂಜಿನ್ನಿನ ಕಾರ್ವೆಟ್ಟುಗಳಲ್ಲಿ ಒಂದು 2014ರ ಜನವರಿಯಲ್ಲಿ ಅರಿಜೋನಾದ ಹರಾಜಿನಲ್ಲಿ 38 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಬೆಲೆ ಹೀಗೆ ಏರಿದೊಡನೆ ಸುಳ್ಳೂ ಹೆಜ್ಜೆಯಿಟ್ಟು ಬರುತ್ತದೆ. ಸಾಧಾರಣ ಕಾರಿಗೆ ಅಪರೂಪದ ಭಾಗಗಳನ್ನು ಜೋಡಿಸಿ, ಕಾರ್ಖಾನೆಯಿಂದಲೇ ಹೀಗೆ ಬಂದದ್ದು ಎಂದು ಮಾರುವವರಿದ್ದಾರೆ. ಹಾಗಾದರೆ 102ರಲ್ಲಿ ಇದೂ ಒಂದು ಎಂದು ನಂಬುವುದು ಹೇಗೆ?

ಕ್ಲಚ್ಚಿನ ವಿಷಯದಲ್ಲಿ ಈ ಪ್ರಶ್ನೆ ವಿಶೇಷವಾಗಿ ತೊಡಕಿನದು. ಎಂಜಿನ್ನಿನ ಮೇಲೆ ಅಚ್ಚೊತ್ತಿದ ಸಂಖ್ಯೆಗಳಿರುತ್ತವೆ. ಕ್ಲಚ್ಚು ಸವೆದು ಹೋಗುವ ವಸ್ತು. ಸವೆದಾಗ ಗ್ಯಾರೇಜಿನವನು ಅಗ್ಗದ ಒಂಟಿ ಪ್ಲೇಟಿನ ಕ್ಲಚ್ಚನ್ನು ಕೂಡಿಸಿ, ಹಳೆಯದನ್ನು ಗುಜರಿಗೆ ಎಸೆದದ್ದೇ ಹೆಚ್ಚು. ಈಗ ಗಾಡಿಯ ಒಳಗೆ ಎರಡು ಪ್ಲೇಟಿದ್ದರೆ ಅದು ಮೊದಲಿನಿಂದ ಇದ್ದುದೆನ್ನಲಾಗದು, ಒಂದೇ ಇದ್ದರೆ ಮೊದಲೂ ಒಂದೇ ಇತ್ತೆನ್ನಲಾಗದು. ವಸ್ತು ಸಾಕ್ಷಿ ಹೇಳಲಾರದಾದಾಗ ಕಾಗದವೇ ಸಾಕ್ಷಿ. ಪಾಂಟಿಯಾಕ್ ಮತ್ತು ಫೋರ್ಡ್ ಕಾರುಗಳಿಗೆ ಕಾರ್ಖಾನೆಯ ದಾಖಲೆಯಿಂದ ವಿವರ ತೆಗೆದುಕೊಡುವ ಸಂಸ್ಥೆಗಳುಂಟು. ಷೆವರ್ಲೆಗೆ, ಕೆನಡಾದಲ್ಲಿ ಮಾರಾಟವಾದ ಕಾರುಗಳನ್ನು ಬಿಟ್ಟರೆ, ಆ ಅನುಕೂಲವಿಲ್ಲ. ಕಾರ್ವೆಟ್ಟಿನವರಿಗೆ ಒಂದು ಪುಣ್ಯ ಉಳಿದಿದೆ. ಜೋಡಣೆಯ ಸಾಲಿನ ಕೆಲಸಗಾರರು, ಆ ಗಾಡಿಗೆ ಏನೇನು ಕೂಡಿಸಬೇಕೆಂಬ ಪಟ್ಟಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿಬಿಡುತ್ತಿದ್ದರು. ಯಾರಿಗೂ ತೋರಿಸಲೆಂದು ಅಂಟಿಸಿದ್ದಲ್ಲ ಅದು, ತಮ್ಮ ಕೆಲಸದ ಸೌಕರ್ಯಕ್ಕೆ. ಅರ್ಧ ಶತಮಾನ ಕಳೆದ ಮೇಲೆ ಟ್ಯಾಂಕನ್ನು ಜೋಪಾನವಾಗಿ ಇಳಿಸಿದಾಗ, ತುಕ್ಕಿನ ಕಲೆಗಳ ನಡುವೆ ಎಂಎ6 ಎಂಬ ಮೂರಕ್ಷರ ಕಂಡರೆ ಒಡೆಯನ ಕಣ್ಣಲ್ಲಿ ನೀರು ಬರುವುದು ಸಹಜ. ಆ ಕಾಗದವನ್ನೂ ನಕಲು ಮಾಡುವವರು ಹುಟ್ಟಿಕೊಂಡಿದ್ದಾರೆಂಬುದು ಬೇರೆ ಮಾತು.

ಕಾಗದದ ಜೊತೆಗೆ ಮೂಲ ಭಾಗವೂ ಬೇಕೆಂಬ ಹಂಬಲ ಕೆಲವರದು. ಅಂಗಡಿಯ ಮೂಲೆಯಲ್ಲಿ ಡಬ್ಬಿ ಒಡೆಯದೆ ಉಳಿದ ಆ ಕಾಲದ ಕ್ಲಚ್ ಪ್ಲೇಟಿಗಾಗಿ ಅವರು ದೇಶವೆಲ್ಲ ಹುಡುಕುತ್ತಾರೆ. ಇಲ್ಲಿ ನಾವು ಓದುಗರ ಗಮನವನ್ನು ಬೇರೊಂದು ಕಡೆಗೆ ಸೆಳೆಯಬೇಕಾಗಿದೆ. ಆ ದಿನಗಳ ಪ್ಲೇಟಿನ ಒರಟು ಪದರದಲ್ಲಿ ಸಾಮಾನ್ಯವಾಗಿ ಕಲ್ನಾರು, ಎಂದರೆ ಆಸ್‌ಬೆಸ್ಟಾಸ್ ಬೆರೆತಿರುತ್ತಿತ್ತು. ಬಿಸಿಗೆ ಸುಡದ ನಾರು ಎಂಬುದೇ ಅದರ ಗುಣ. ಸವೆದಾಗ ಅದು ಕಣ್ಣಿಗೆ ಕಾಣದ ಧೂಳಾಗಿ ಕ್ಲಚ್ಚಿನ ಚಿಪ್ಪಿನೊಳಗೆ ಕೂಡಿಕೊಳ್ಳುತ್ತದೆ. ಶ್ವಾಸಕೋಶ ಸೇರಿದ ಆ ನಾರು ಹೊರಗೆ ಬರುವುದಿಲ್ಲ. ಅದರಿಂದಾಗುವ ಕ್ಯಾನ್ಸರು ಇಪ್ಪತ್ತು, ನಲವತ್ತು ವರ್ಷಗಳ ಮೇಲೆ ತಲೆದೋರುವುದುಂಟು. ಕಾರ್ಮಿಕರ ಬಟ್ಟೆ ಒಗೆದ ಮನೆಯ ಹೆಣ್ಣುಮಕ್ಕಳಿಗೂ ಇದು ತಗುಲಿದ ಉದಾಹರಣೆಗಳನ್ನು ವೈದ್ಯರು ದಾಖಲಿಸಿದ್ದಾರೆ. ಅಮೆರಿಕದಲ್ಲಿ 1994ರಿಂದ ಕ್ಲಚ್ಚು, ಬ್ರೇಕುಗಳ ದುರಸ್ತಿಯಲ್ಲಿ ಈ ಧೂಳು ಹಾರದಂತೆ ನೋಡಿಕೊಳ್ಳಬೇಕೆಂಬ ನಿಯಮವಿದೆ.

ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಹಳೆಯ ಲಾರಿಯ ಕ್ಲಚ್ಚು ಬಿಚ್ಚಿದೊಡನೆ ಕಂಪ್ರೆಸರಿನ ಗಾಳಿ ಹಿಡಿದು ಧೂಳು ಹಾರಿಸುವುದು ವಾಡಿಕೆ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದ ಹುಡುಗ ನಿಂತಿರುತ್ತಾನೆ. ಆ ಧೂಳಿನಲ್ಲಿ ಕಲ್ನಾರಿದೆಯೋ ಇಲ್ಲವೋ ಎಂಬುದು ನೋಡಿದವರಿಗೆ ತಿಳಿಯದು. ಗಾಳಿ ಹೊಡೆಯದೆ ಮೊದಲು ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಮೈಮೇಲಿನ ಬಟ್ಟೆಯನ್ನು ಗ್ಯಾರೇಜಿನಲ್ಲಿಯೇ ಬದಲಿಸಿ, ಮನೆಯವರ ಬಟ್ಟೆಯೊಡನೆ ಸೇರಿಸದೆ ಬೇರೆಯಾಗಿ ಒಗೆಯಬೇಕು. ಅಮೆರಿಕದ ಸಂಗ್ರಾಹಕರಲ್ಲಿ ತಿಳಿವಳಿಕೆಯುಳ್ಳವರು ಹಳೆಯ ಪ್ಲೇಟನ್ನು ಡಬ್ಬಿಯಲ್ಲಿಯೇ ಕಪಾಟಿಗೇರಿಸಿ, ಗಾಡಿಗೆ ಕಲ್ನಾರಿಲ್ಲದ ಹೊಸ ಪ್ಲೇಟುಗಳನ್ನು ಹಾಕಿಸಿಕೊಳ್ಳುತ್ತಾರೆ.