ಐದು ವಾದ್ಯಗಳ ಹಕ್ಕು: ಪಟ್ಟಾಭಿಷೇಕದ ಸಂಗೀತ ಮತ್ತು ನಮ್ಮ ಬಯಲುಸೀಮೆ

ತಪ್ಪು ಕಲ್ಪನೆ: ಪಟ್ಟಾಭಿಷೇಕವೆಂದರೆ ಕಿರೀಟಧಾರಣೆ, ವಾದ್ಯ ಬರೀ ಮೆರುಗು.

ವಾಸ್ತವ: ಹಳೆಯ ಕನ್ನಡ ನಾಡಿನಲ್ಲಿ ಮುಖ್ಯವಾಗಿದ್ದದ್ದು ಪಟ್ಟಬಂಧ, ಅಂದರೆ ಹಣೆಗೆ ಚಿನ್ನದ ಪಟ್ಟ ಕಟ್ಟುವುದು. ವಾದ್ಯ ಅದರ ಅಲಂಕಾರವಲ್ಲ, ಅಧಿಕಾರದ ಗುರುತು.

ತಪ್ಪು ಕಲ್ಪನೆ: ಅದೆಲ್ಲ ಮೈಸೂರು, ಹಂಪಿಯ ವೈಭವ. ಮಧುಗಿರಿ, ಪಾವಗಡದ ಕಡೆಗೆ ಅದರ ಸೋಂಕಿಲ್ಲ.

ವಾಸ್ತವ: ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗ 12–13ನೇ ಶತಮಾನದಲ್ಲಿ ಚೋಳ ವಂಶದವರೆಂದು ಹೇಳಿಕೊಂಡ ಸಾಮಂತರ ರಾಜಧಾನಿ. ಇಂಥ ಮಹಾಮಂಡಲೇಶ್ವರರ ಬಿರುದಾವಳಿ ಶಾಸನಗಳಲ್ಲಿ ಮೊದಲಾಗುವುದೇ ‘ಸಮಧಿಗತ ಪಂಚಮಹಾಶಬ್ದ’ ಎಂದು. ಐದು ಮಹಾವಾದ್ಯಗಳನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಹಕ್ಕು ಪಡೆದವನು ಎಂಬುದು ಅದಕ್ಕೆ ಹೆಚ್ಚು ರೂಢಿಯಲ್ಲಿರುವ ಅರ್ಥ. ಐದು ಪದವಿಗಳೆಂದು ಅರ್ಥೈಸುವ ವಿದ್ವಾಂಸರೂ ಇದ್ದಾರೆ. ಆದರೆ ಹೆಸರಲ್ಲೇ ಶಬ್ದವಿರುವಾಗ ನನ್ನ ಒಲವು ವಾದ್ಯದ ಕಡೆಗೇ. ಈ ಹಕ್ಕು ತಾನಾಗಿ ಬರುತ್ತಿರಲಿಲ್ಲ, ಮೇಲಿನ ದೊರೆ ದಯಪಾಲಿಸಬೇಕಿತ್ತು.

ಮೊಗಲರಲ್ಲೂ ಕ್ರಮ ಇದೇ. ಬಾದಶಹನ ಅಪ್ಪಣೆಯಿಲ್ಲದೆ ಯಾವ ಅಮೀರನ ಬಾಗಿಲಲ್ಲೂ ನೌಬತ್ತು, ಅಂದರೆ ರಾಜವಾದ್ಯ, ಬಾರಿಸುವಂತಿರಲಿಲ್ಲ. 1687ರ ನಂತರ ನಮ್ಮ ಸೀಮೆಯ ಶಿರಾ ಆ ಸಾಮ್ರಾಜ್ಯದ ಒಂದು ಸುಬಾದ ಕೇಂದ್ರವಾಯಿತು. 1761ರಲ್ಲಿ ಹೈದರಾಲಿ ಪಡೆದ ನವಾಬಗಿರಿಯೂ ಈ ಶಿರಾದ್ದೇ.

ತಪ್ಪು ಕಲ್ಪನೆ: ಮೈಸೂರು ಸಂಸ್ಥಾನದ ಗೀತೆ ‘ಕಾಯೌ ಶ್ರೀ ಗೌರಿ’ ಒಡೆಯರ ಯದುವಂಶದಷ್ಟೇ ಪುರಾತನ.

ವಾಸ್ತವ: ಅದು ಹತ್ತನೇ ಚಾಮರಾಜ ಒಡೆಯರ ಕಾಲದ್ದು, ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳ ರಚನೆ. ಮಧುಗಿರಿ 1678ರಲ್ಲೇ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಗಿತ್ತು. ಗೀತೆ ಹುಟ್ಟಿದ್ದು ಅದಾಗಿ ಸುಮಾರು ಎರಡು ಶತಮಾನಕ್ಕೆ.

ತಪ್ಪು ಕಲ್ಪನೆ: ರಾಜಸಭೆಗೆ ವೀಣೆ, ತಮಟೆ ಸಾವಿನ ಮನೆಗೆ.

ವಾಸ್ತವ: ಇದು ಎಲ್ಲಕ್ಕಿಂತ ನೋವಿನ ತಪ್ಪು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಪಂಚಮಹಾಶಬ್ದದ ಐದು ವಾದ್ಯಗಳನ್ನು ಹೆಸರಿಸುತ್ತದೆ: ಶೃಂಗ (ಕೊಂಬು), ತಮ್ಮಟ (ತಮಟೆ), ಶಂಖ, ಭೇರಿ, ಜಯಘಂಟೆ. ಪಟ್ಟಿಯಲ್ಲಿ ವೀಣೆಯಿಲ್ಲ, ಕೊಳಲಿಲ್ಲ. ದೂರದವರೆಗೆ ಕೇಳಿಸುವ, ದಂಡಿನ ಮುಂದೆ, ಮೆರವಣಿಗೆಯ ಮುಂದೆ ನಡೆಯುವ ವಾದ್ಯಗಳೇ ಎಲ್ಲ. ಕೊಂಬು, ಶಂಖದ ಜೊತೆಗೇ ಚರ್ಮವಾದ್ಯಕ್ಕೂ ಅಲ್ಲಿ ಮಾನದ ಜಾಗವಿತ್ತು. ಒಬ್ಬ ಸಾಮಂತ ದೊರೆಯೆನಿಸಿಕೊಳ್ಳಲು ಬೇಕಿದ್ದ ಸದ್ದು ಅದು. ಬಾರಿಸುವವರ ಜಾತಿಯನ್ನು ಕೀಳೆಂದು ಕಂಡ ಸಮಾಜ ವಾದ್ಯಕ್ಕೂ ಅಶುಭದ ಹಣೆಪಟ್ಟಿ ಹಚ್ಚಿತು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿಂದ ಹಿಡಿದು ಈ ಸೀಮೆಯ ಊರಹಬ್ಬಗಳಲ್ಲಿ ತಮಟೆ, ಉರುಮೆ ಇಲ್ಲದೆ ದೇವರು ಹೊರಡುವುದಿಲ್ಲ. ಹೀಗಿದ್ದೂ ಬಾರಿಸುವವರನ್ನು ಪಂಕ್ತಿಯಿಂದ ದೂರ ನಿಲ್ಲಿಸುವುದಾದರೆ, ಅದನ್ನು ಸಂಪ್ರದಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಕೊಟ್ಟದ್ದು ದೆಹಲಿ. ಊಟದ ಎಲೆ ಹಾಕಬೇಕಾದವರು ನಾವು, ಊರಿನವರು.