ಫ್ರಿಜ್ ಸದ್ದು: ಯಾವುದು ಸಹಜ, ಯಾವುದು ದೋಷ

ಮನೆಯ ಫ್ರಿಜ್‌ನಿಂದ ಕೇಳಿಬರುವ ಸದ್ದುಗಳಲ್ಲಿ ಹೆಚ್ಚಿನವು ಅದು ತಂಪು ಮಾಡುವ ಕೆಲಸದಿಂದಲೇ ಹುಟ್ಟುವಂಥವು. ಹಿಂಬದಿಯ ತಳದಲ್ಲಿರುವ ಕಪ್ಪು ಉಕ್ಕಿನ ಗುಂಡಿಗೆಯಂಥ ಭಾಗವೇ ಕಂಪ್ರೆಸರ್. ಮೋಟರು, ಪಂಪು ಎರಡನ್ನೂ ಅದರೊಳಗೆ ಸ್ಪ್ರಿಂಗ್‌ಗಳ ಮೇಲೆ ಕೂರಿಸಿ, ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು. ಹಾಗಾಗಿ ಮೋಟರಿನ ಅಯಸ್ಕಾಂತೀಯ ಸೆಳೆತ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ‘ಗುಂಯ್’ ಎಂಬ ತಗ್ಗುದನಿಗೆ ಇದೊಂದು ಮುಖ್ಯ ಕಾರಣ. ಥರ್ಮೋಸ್ಟಾಟ್ ಮೋಟರನ್ನು ಚಾಲೂ ಮಾಡುವಾಗ, ನಿಲ್ಲಿಸುವಾಗ ‘ಟಿಕ್’ ಎನ್ನುತ್ತದೆ. ನಿಂತ ಕ್ಷಣ ಸ್ಪ್ರಿಂಗ್‌ಗಳ ಮೇಲಿನ ಮೋಟರು ಒಮ್ಮೆ ಓಲಾಡುವುದರಿಂದ ಬಾಗಿಲಲ್ಲಿಟ್ಟ ಬಾಟಲಿಗಳು ಕಿಣಿಕಿಣಿ ಎನ್ನುವುದುಂಟು.

ಇನ್ವರ್ಟರ್ ಕಂಪ್ರೆಸರ್‌ನ ರೀತಿ ಬೇರೆ. ಅದು ಪದೇ ಪದೇ ನಿಲ್ಲದೆ, ಬೇಕಾದಷ್ಟೇ ವೇಗದಲ್ಲಿ ಬಹುಹೊತ್ತು ತಿರುಗುತ್ತದೆ. ಬಿಸಿ ಅಡುಗೆಯನ್ನು ಒಳಗಿಟ್ಟಾಗ ದನಿ ಏರುವುದೂ ರಾತ್ರಿ ಇಳಿಯುವುದೂ ಅದರ ಸ್ವಭಾವ.

ಜನರನ್ನು ಹೆಚ್ಚು ಕಾಡುವುದು ಗುಳುಗುಳು ಸದ್ದು. ಕೊಳವೆಗಳಲ್ಲಿ ಹರಿಯುವ ತಂಪುಕಾರಕದ ಸದ್ದು ಅದು. ಈಗಿನ ಹಲವು ಫ್ರಿಜ್‌ಗಳಲ್ಲಿ ತಂಪುಕಾರಕವಾಗಿರುವ ಐಸೊಬ್ಯುಟೇನ್ ಸಾಮಾನ್ಯ ವಾಯುಒತ್ತಡದಲ್ಲಿ ಶೂನ್ಯಕ್ಕಿಂತ ಸುಮಾರು 12 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಕಂಪ್ರೆಸರ್ ಒತ್ತಿದ ಅನಿಲ ಹಿಂಬದಿಯ ಅಥವಾ ಪಕ್ಕದ ಕೊಳವೆಗಳಲ್ಲಿ ಶಾಖ ಬಿಟ್ಟು ದ್ರವವಾಗಿ, ಒಂದು ಮಿಲಿಮೀಟರಿಗಿಂತ ಕಿರಿದಾದ ಕ್ಯಾಪಿಲರಿ ನಳಿಕೆಯಲ್ಲಿ ನುಗ್ಗುತ್ತದೆ. ಅಲ್ಲಿಂದ ಹೊರಬಿದ್ದೊಡನೆ ಒತ್ತಡ ಕುಸಿದು ‘ಸುಯ್’ ಎಂದು ಕುದಿಯತೊಡಗುತ್ತದೆ. ಒಳಗಿನ ಶಾಖವನ್ನು ಹೀರುವುದು ಈ ಕುದಿತವೇ. ಕಂಪ್ರೆಸರ್ ನಿಂತ ಮೇಲೂ ಎರಡು ಬದಿಯ ಒತ್ತಡ ಸಮವಾಗುವವರೆಗೆ ಕೆಲವು ನಿಮಿಷ ಈ ಹರಿವು ಮುಂದುವರಿಯುತ್ತದೆ. ಕರೆಂಟು ಹೋಗಿ ಬಂದೊಡನೆ ಹಳೆಯ ಫ್ರಿಜ್ ಚಾಲೂ ಮಾಡದೆ ಐದು ನಿಮಿಷ ಕಾಯಬೇಕೆನ್ನುವುದು ಇದಕ್ಕೇ: ಒತ್ತಡದ ಎದುರು ಮೋಟರು ತಿರುಗಲಾರದೆ ಬಿಸಿಯಾಗುತ್ತದೆ.

ಫ್ರಾಸ್ಟ್-ಫ್ರೀ ಮಾದರಿಗಳಲ್ಲಿ ಫ್ಯಾನಿನ ಗಾಳಿಸದ್ದು ಸಹಜ. ಬಾಗಿಲು ತೆರೆದರೆ ಅನೇಕ ಮಾದರಿಗಳಲ್ಲಿ ಅದು ನಿಲ್ಲುತ್ತದೆ. ನಡುನಡುವೆ ಹೀಟರ್ ಹೊತ್ತಿ ಹಿಮ ಕರಗಿಸುವಾಗ, ಬಿದ್ದ ಹನಿ ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ಚುಂಯ್ ಎನ್ನುತ್ತದೆ. ಕರಗಿದ ನೀರು ಕಂಪ್ರೆಸರ್ ಬಳಿಯ ತಟ್ಟೆಗೆ ತೊಟ್ಟಿಕ್ಕಿ, ಅಲ್ಲಿನ ಬಿಸಿಗೆ ಆವಿಯಾಗುತ್ತದೆ. ರಾತ್ರಿ ‘ಟಪ್’ ಎಂದು ಬೆಚ್ಚಿಬೀಳಿಸುವುದು ತಣಿದು ಬಿಸಿಯಾಗುವಾಗ ಕುಗ್ಗಿ ಹಿಗ್ಗುವ ಪ್ಲಾಸ್ಟಿಕ್ ಒಳಗೋಡೆ. ಅದರಿಂದ ಏನೂ ಅಪಾಯವಿಲ್ಲ.

ಗಡಗಡ ಸದ್ದು ಬಂದರೆ ಮೊದಲು ಕಾಲುಗಳ ಮಟ್ಟ ನೋಡಬೇಕು. ಫ್ರಿಜ್ ಗೋಡೆಗೆ ತಾಗಿದೆಯೇ, ಮೇಲಿಟ್ಟ ಪಾತ್ರೆ ಅದುರುತ್ತಿದೆಯೇ ಎಂದು ಪರೀಕ್ಷಿಸಬೇಕು. ಬಹುಪಾಲು ಅಷ್ಟರಲ್ಲೇ ಸರಿಹೋಗುತ್ತದೆ. ಫ್ಯಾನು ಕರಕರ ಎಂದರೆ ಅದರ ರೆಕ್ಕೆ ಮಂಜುಗಡ್ಡೆಗೆ ಉಜ್ಜುತ್ತಿರಬಹುದು. ಕಂಪ್ರೆಸರ್ ಕೆಲವು ಸೆಕೆಂಡು ಗುಂಯ್‌ಗುಟ್ಟಿ ‘ಟಿಕ್’ ಎಂದು ನಿಂತು, ಕೆಲವು ನಿಮಿಷಕ್ಕೆ ಮತ್ತೆ ಅದನ್ನೇ ಮಾಡುತ್ತಾ ಒಳಗೆ ತಂಪೇ ಆಗದಿದ್ದರೆ ಮಾತ್ರ ಅದು ನಿಜವಾದ ದೋಷ. ವೋಲ್ಟೇಜ್ ಕಡಿಮೆಯಿರಬಹುದು, ಸ್ಟಾರ್ಟಿಂಗ್ ರಿಲೇ ಕೆಟ್ಟಿರಬಹುದು ಅಥವಾ ಕಂಪ್ರೆಸರೇ ಸಿಕ್ಕಿಕೊಂಡಿರಬಹುದು. ಆಗ ಪ್ಲಗ್ ತೆಗೆದು ಮೆಕ್ಯಾನಿಕ್‌ಗೆ ಹೇಳಿಕಳಿಸಬೇಕು.