ಅಕ್ಷರಕ್ಕೆ ಮೈ ಬಂದಾಗ

ನಾದಿನಿಯ ಮದುವೆ ವಿಡಿಯೊ ಪೆನ್‌ಡ್ರೈವ್‌ನಲ್ಲಿ ಬಂದಾಗ ಮನೆ ಮಂದಿಯೆಲ್ಲಾ ಟೀವಿ ಮುಂದೆ ಕೂತ್ವಿ. ಮೊದಲಿಗೇ ಬಂಗಾರದ ಬಣ್ಣದ ಅಕ್ಷರಗಳು ಗಿರಗಿರ ತಿರುಗುತ್ತಾ ಬಂದವು. ಎಲ್ಲವೂ ಇಂಗ್ಲಿಷ್! ‘ಇದ್ರಾಗ ನನ್ನ ಮಗಳ ಹೆಸರು ಎಲ್ಲೈತಿ?’ ಅಂತ ಅತ್ತೆ ಕೇಳಿದರು. ಅವರಿಗೆ ಓದಲು ಬರುವುದು ಕನ್ನಡ ಒಂದೇ. ವಿಡಿಯೊ ಮಾಡಿದ ಹುಡುಗನಿಗೆ ಫೋನ್ ಹಚ್ಚಿದರೆ, ‘ಕನ್ನಡ ಅಕ್ಷರ ಒಡದು ಹೋಗ್ತಾವ್ರೀ ಅಕ್ಕಾರ, ಅದಕ್ಕ ಹಾಕಿಲ್ಲ’ ಅಂದ.

ನನಗ್ಯಾಕೋ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಮುದ್ರಣ ಕಾಶಿ ಅಂತ ಹೆಸರಾದ ಗದಗ ನಮ್ಮ ಸೊರಟೂರಿಗೆ ಹತ್ತಿರ. ನಮ್ಮ ಮಾವ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಮೊಳೆ ಜೋಡಿಸಿದವರು. ಇಂಥ ಮನೆಯಲ್ಲಿ ಕನ್ನಡ ಅಕ್ಷರ ಒಡೆಯುವುದೆಂದರೆ ಹೇಗೆ?

ಮಗನ ಓದಿಗೆ ಕೊಂಡ ಕಂಪ್ಯೂಟರ್ ಹಗಲೆಲ್ಲಾ ಸುಮ್ಮನೇ ಇರುತ್ತಿತ್ತು. ಅಡುಗೆ, ಕಸ ಮುಸುರೆ ಮುಗಿಸಿ ಮಧ್ಯಾಹ್ನ ಒಂದು ತಾಸು ಅದರ ಮುಂದೆ ಕೂರತೊಡಗಿದೆ. ಆರಿಸಿಕೊಂಡದ್ದು ‘ಬ್ಲೆಂಡರ್’ ಎಂಬ ತಂತ್ರಾಂಶ. ಇದಕ್ಕೆ ಒಂದು ಪೈಸೆಯೂ ಬೇಡ. ನೆದರ್‌ಲ್ಯಾಂಡ್ಸ್‌ನ ಟನ್ ರೋಸೆಂಡಾಲ್ ಇದನ್ನು ಕಟ್ಟಿದವರು. ಕಂಪನಿ ಮುಚ್ಚಿದಾಗ, 2002ರಲ್ಲಿ, ಜನರಿಂದಲೇ ಏಳು ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಇದನ್ನು ಎಲ್ಲರಿಗೂ ಮುಕ್ತಗೊಳಿಸಿದರು. 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ಎಂಬ ಬೆಕ್ಕಿನ ಚಿತ್ರ ಇದರಲ್ಲೇ ತಯಾರಾದದ್ದು. ನಿಮ್ಮ ಕಂಪ್ಯೂಟರ್ ಹಳೆಯದೇ? ಹೆದರಬೇಡಿ, ಬ್ಲೆಂಡರ್‌ನ ಹಳೆಯ ಆವೃತ್ತಿಗಳೂ ಅವರ ತಾಣದಲ್ಲೇ ಸಿಗುತ್ತವೆ.

ಮೊದಲ ದಿನ ಹುರುಪಿನಿಂದ ‘ಲಕ್ಷ್ಮೇಶ್ವರ’ ಅಂತ ಹಾಕಿದೆ. ಅಯ್ಯೋ! ಒತ್ತಕ್ಷರಗಳೆಲ್ಲ ಕೆಳಗೆ ಇಳಿಯದೆ ಸಾಲಾಗಿ ನಿಂತುಬಿಟ್ಟವು. ಹಿಂದೆ ನಿಂತಿದ್ದ ಮಾವ, ‘ಇದೇನವ್ವಾ, ಒತ್ತು ಪಕ್ಕಕ್ಕ ಕುಂತಾವು! ಹಿಂಗ ಕಂಪೋಜ್ ಮಾಡಿದ್ರ ಮಾಲೀಕ ಮನಿಗೆ ಕಳಿಸ್ತಿದ್ದ’ ಅಂತ ನಕ್ಕರು. ವಿಡಿಯೊ ಹುಡುಗ ಸುಳ್ಳು ಹೇಳಿರಲಿಲ್ಲ ಅಂತ ಆಗ ತಿಳಿಯಿತು. ನಾಲ್ಕು ದಿನ ಫಾಂಟ್ ಬದಲಿಸಿ ಬದಲಿಸಿ ನೋಡಿದೆ. ತಪ್ಪು ಫಾಂಟಿನದಲ್ಲ, ನಮ್ಮ ಲಿಪಿಯ ಅಕ್ಷರ ಕೂಡಿಸುವ ಲೆಕ್ಕ ಬ್ಲೆಂಡರ್‌ನ ಅಕ್ಷರ ಹಾಕುವ ಜಾಗಕ್ಕೆ ಗೊತ್ತಿಲ್ಲ, ಅಷ್ಟೇ.

ದಾರಿ ಸಿಕ್ಕದ್ದು ‘ಇಂಕ್‌ಸ್ಕೇಪ್’ನಲ್ಲಿ. ಇದೂ ಬಿಟ್ಟಿ, ಇದಕ್ಕೆ ಕನ್ನಡ ಚೆನ್ನಾಗಿ ಬರುತ್ತದೆ. ಅಲ್ಲಿ ಯೂನಿಕೋಡ್‌ನಲ್ಲಿ ಹೆಸರು ಬರೆಯಿರಿ. ಬಾಲೂ ತಮ್ಮ, ನವಿಲು, ಗುಬ್ಬಿ, ಇವೆಲ್ಲ ಮುಕ್ತವಾಗಿ ಸಿಗುವ ಕನ್ನಡ ಫಾಂಟುಗಳು. ತಿರುಗುವ ಅಕ್ಷರಕ್ಕೆ ಬಾಲೂ ತಮ್ಮದಂಥ ದಪ್ಪನೆಯದೇ ಚೆಂದ. ಬರೆದ ಮೇಲೆ ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿದರೆ ಅಕ್ಷರ ಚಿತ್ರವಾಗುತ್ತದೆ, ಆಮೇಲೆ ಒಡೆಯುವ ಮಾತೇ ಇಲ್ಲ. ಗುಂಪು ಬಿಡಿಸಿ, ‘ಯೂನಿಯನ್’ ಕೊಡುವುದನ್ನು ಮರೀಬೇಡಿ. ನಾನು ಮರೆತು, ಒತ್ತು ಅಕ್ಷರಕ್ಕೆ ತಾಗಿದ ಕಡೆಯೆಲ್ಲ ತೂತು ಬಿದ್ದಿತ್ತು!

ಅದನ್ನು ಎಸ್‌ವಿಜಿ ಕಡತವಾಗಿ ಉಳಿಸಿ, ಬ್ಲೆಂಡರ್‌ನ ಫೈಲ್ ಮೆನುವಿನಲ್ಲಿ ಇಂಪೋರ್ಟ್ ಮಾಡಿ. ಏನೂ ಕಾಣಲಿಲ್ಲ ಅಂತ ಗಾಬರಿ ಬೇಡ. ಸಾಸಿವೆಯಷ್ಟು ಚಿಕ್ಕದಾಗಿ, ನೆಲದ ಮೇಲೆ ಮಲಗಿರುತ್ತದೆ. ಎಸ್ ಒತ್ತಿ ದೊಡ್ಡದು ಮಾಡಿ. ಆರ್, ಎಕ್ಸ್, 90 ಒತ್ತಿ ಎಬ್ಬಿಸಿ ನಿಲ್ಲಿಸಿ. ಬಲಗಡೆಯ ‘ಎಕ್ಸ್‌ಟ್ರೂಡ್’ನಲ್ಲಿ ಸ್ವಲ್ಪ ಸ್ವಲ್ಪವೇ ಸಂಖ್ಯೆ ಏರಿಸಿದರೆ, ರೊಟ್ಟಿ ಉಬ್ಬಿದ ಹಾಗೆ ಅಕ್ಷರಕ್ಕೆ ದಪ್ಪ ಬರುತ್ತದೆ. ‘ಬೆವೆಲ್’ ಅಂಚನ್ನು ನುಣುಪು ಮಾಡುತ್ತದೆ. ಬೆವೆಲ್ ಅತಿಯಾದರೆ ‘ಷ’ದ ಹೊಟ್ಟೆ ಮುಚ್ಚಿಹೋಗುತ್ತದೆ, ಹುಷಾರು.

ದಪ್ಪ ಬಂದ ಅಕ್ಷರ ನೋಡಿ ಮಾವ ಕುರ್ಚಿ ಎಳೆದುಕೊಂಡು ಕೂತರು. ‘ನಮ್ಮ ಮೊಳೀನೂ ಹಿಂಗ ದಪ್ಪ ಇರ್ತಿತ್ತು. ಆದ್ರ ಉಲ್ಟಾ’ ಅಂದರು.

ಇನ್ನು ಚಲನೆ. 1ನೇ ಫ್ರೇಮಿನಲ್ಲಿ ಅಕ್ಷರವನ್ನು ಪಕ್ಕಕ್ಕೆ ತಿರುಗಿಸಿ ಐ ಒತ್ತಿ. 48ನೇ ಫ್ರೇಮಿಗೆ ಹೋಗಿ ನೇರ ಮಾಡಿ ಮತ್ತೆ ಐ ಒತ್ತಿ. (ಹಳೆಯ ಆವೃತ್ತಿಯಲ್ಲಿ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ‘ರೊಟೇಶನ್’ ಆರಿಸಿ.) ಸೆಕೆಂಡಿಗೆ 24 ಫ್ರೇಮು, ಅಂದರೆ ಎರಡು ಸೆಕೆಂಡಿನಲ್ಲಿ ಹೆಸರು ನಿಮ್ಮ ಕಡೆ ಮುಖ ಮಾಡುತ್ತದೆ. ನಡುವಿನ ಕೆಲಸ ಕಂಪ್ಯೂಟರಿನದು.

ಹಳ್ಳಿಯವರಿಗೆ ಒಂದು ಮುಖ್ಯ ಮಾತು. ಕೊನೆಗೆ ರೆಂಡರ್ ಮಾಡುವಾಗ ನೇರ ವಿಡಿಯೊ ಮಾಡಬೇಡಿ, ಪಿಎನ್‌ಜಿ ಚಿತ್ರಗಳಾಗಿ ಉಳಿಸಿ. ಹತ್ತು ಸೆಕೆಂಡಿಗೆ 240 ಚಿತ್ರ. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ ಎರಡು ತಾಸು. ಅಷ್ಟರಲ್ಲಿ ನಮ್ಮಲ್ಲಿ ಕರೆಂಟ್ ಹೋಗದಿದ್ದರೆ ಕೇಳಿ! ನನ್ನ ಮೊದಲ ವಿಡಿಯೊ ಹಾಗೇ ಹಾಳಾಯಿತು. ಚಿತ್ರಗಳಾದರೆ ನಿಂತಲ್ಲಿಂದ ಮುಂದುವರಿಸಬಹುದು. ಆಮೇಲೆ ಬ್ಲೆಂಡರ್‌ನಲ್ಲೇ ಎಲ್ಲವನ್ನೂ ಜೋಡಿಸಿ ವಿಡಿಯೊ ಮಾಡಿಕೊಳ್ಳಿ.

ನನಗೆ ಇಷ್ಟು ಕಲಿಯಲು ಮೂರು ತಿಂಗಳು ಹಿಡಿಯಿತು. ಮನೆಯಲ್ಲಿ ‘ಇದೆಲ್ಲ ಯಾಕ ಬೇಕು’ ಅಂದವರೂ ಇದ್ದರು. ಹೊಸ ಹೆಸರು ಹಾಕಿಸಿದ ಮದುವೆ ವಿಡಿಯೊವನ್ನು ಅತ್ತೆಗೆ ತೋರಿಸಿದೆ. ಅವರು ಬೆರಳು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಮಗಳ ಹೆಸರು ಓದಿದರು. ಓದಿ ಮುಗಿಸುವಷ್ಟರಲ್ಲಿ ಹೆಸರು ತಿರುಗಿ ಹೋಗಿಬಿಟ್ಟಿತು. ‘ಸ್ವಲ್ಪ ಹೊತ್ತು ನಿಲ್ಲಿಸವ್ವಾ’ ಅಂದರು. ಈಗ ಹೆಸರು ಐದು ಸೆಕೆಂಡು ಅಲ್ಲಾಡದೆ ನಿಲ್ಲುತ್ತದೆ.

ಆ ವಿಡಿಯೊ ಹುಡುಗ ಈಗ ಹೆಸರುಗಳನ್ನು ನನಗೇ ಕಳಿಸುತ್ತಾನೆ, ಒಂದಕ್ಕೆ ಮುನ್ನೂರು ರೂಪಾಯಿ. ಪ್ರೂಫ್ ನೋಡುವುದು ಮಾತ್ರ ಮಾವನ ಕೆಲಸ. ನಿನ್ನೆ ‘ಅನ್ನಪೂರ್ಣ’ದ ಅರ್ಕಾವೊತ್ತು ಸಣ್ಣದಾಗಿದೆ ಅಂತ ವಾಪಸ್ ಕಳಿಸಿದ್ದಾರೆ.